ಎರಡನೆಯ ಡಿಸ್ಕ್

ಪುಂತಾ ಅರೆನಾಸಿನಲ್ಲಿ ಗಾಳಿಯ ದಿನ ಬೀದಿಗುಂಟ ಹಗ್ಗ ಕಟ್ಟುತ್ತಾರೆ,
ನಡೆವವರು ಹಿಡಿದುಕೊಳ್ಳಲಿ ಎಂದು.
ಹಗ್ಗ ಹಿಡಿದೇ ಬಂದಳು ಎಲ್ಸಿರಾ ಮಾನ್ಸಿಲ್ಯಾ,
ರಾತ್ರಿ ಹತ್ತೂವರೆಗೆ, ಉಬ್ಬರವಿಳಿತದ ಕಚೇರಿಗೆ.
ಚೀಲದಲ್ಲಿ ಒಂದು ಪೆನ್‌ಡ್ರೈವ್,
ಎರಡು ಎಂಪನಾಡ, ಎರಡೂ ಆರಿದ್ದವು.

ಹೋದ ತಿಂಗಳು ಎಲ್ಲೋ ಕಡಲತಳದಲ್ಲಿ
ಯಾವುದೋ ಲಂಗರು ಎಡವಿ ಕೇಬಲ್ ಕಡಿದು
ಮೂರು ದಿನ ಇವರ ಕೋಡು ಇವರಿಗೇ ಸಿಗದೆ
ಪರರ ಮೋಡದಲ್ಲಿ ಕೂತಿತ್ತು.
ಬಂದರಿನ ಪೈಲಟ್ ಫೋನು ಮಾಡಿದ:
ನೀರು ಎಷ್ಟೊತ್ತಿಗೆ ಇಳಿಯುತ್ತೆ?
ಯಾರಿಗೂ ಗೊತ್ತಿರಲಿಲ್ಲ, ನೀರಿಗೆ ಬಿಟ್ಟರೆ.

ಹಾಗಾಗಿ ಈಗ ಸ್ವಂತದ್ದು. ಮನೆಯೊಳಗೊಂದು ಮನೆ.
ನೆಲಮಾಳಿಗೆಯಲ್ಲಿ ಗೊರಕೆ ಹೊಡೆಯುವ ಕಬ್ಬಿಣದ ಪೆಟ್ಟಿಗೆ,
ಅದರ ಹೊಟ್ಟೆಯಲ್ಲಿ ಮೈಯಿಲ್ಲದ ಯಂತ್ರಗಳು ಏಳು.
ಒಂದು ಸಂಬಳ ಎಣಿಸುತ್ತದೆ, ಒಂದು ಅಂಚೆ ಹಂಚುತ್ತದೆ,
ಒಂದು ಏನು ಮಾಡುತ್ತದೋ ಯಾರಿಗೂ ತಿಳಿಯದು,
ಆರಿಸಲು ಮಾತ್ರ ಎಲ್ಲರಿಗೂ ಭಯ.
ಎಂಟನೆಯದಕ್ಕೆಂದು ಎಲ್ಸಿರಾ
ಏಳರ ತಟ್ಟೆಯಿಂದಲೂ ಒಂದೊಂದು ತುತ್ತು ಮೆಮೊರಿ ತೆಗೆದಳು.
ಮೂವತ್ತೆರಡು ಜಿಬಿ ಕೂಡಿತು. ನಾಲ್ಕು ಕೋರು.
ಕೂಸು ಹುಟ್ಟುವ ಮುಂಚೆ ಕುಲಾವಿ,
ಹೆಸರು ಆಗಲೇ ಬರೆದಿಟ್ಟಿದ್ದಳು: ಮರೆಯಾ.
ಅವರ ಮಾತಿನಲ್ಲಿ ಉಬ್ಬರವಿಳಿತ.
ನಮ್ಮ ಕಿವಿಗೆ ಅದು ಬೇರೆ ಏನನ್ನೋ ಕೇಳಿದಂತಿದೆ.

ಇಮೇಜ್ ಫೈಲು ಇಳಿಯತೊಡಗಿತು.
ನೂರಕ್ಕೆ ನಾಲ್ಕು. ನೂರಕ್ಕೆ ನಾಲ್ಕು.
ಮೊದಲ ಎಂಪನಾಡ ಮುಗಿದರೂ ನೂರಕ್ಕೆ ನಾಲ್ಕು.
ಐವತ್ತೆಂಟರಲ್ಲಿ ಒಮ್ಮೆ ಸತ್ತಿತು,
ಮತ್ತೆ ಸೊನ್ನೆಯಿಂದ.

ಒಂದೂ ಮುಕ್ಕಾಲಿಗೆ ಕಪ್ಪು ಪರದೆ ಬಾಯಿ ಬಿಟ್ಟಿತು:
ಎರಡನೆಯ ಡಿಸ್ಕನ್ನು ಬಳಸಿಕೊಳ್ಳುತ್ತೇನೆ,
ಅದರಲ್ಲಿರುವುದೆಲ್ಲ ಅಳಿಯುತ್ತದೆ.
ಹೌದು? ಇಲ್ಲ?
ಬೆರಳು ಹೌದಿನ ಮೇಲೇ ಇತ್ತು.
ಯಾಕೆ ನಿಂತಿತೋ ಬೆರಳನ್ನೇ ಕೇಳಬೇಕು.

ಪೆಟ್ಟಿಗೆಯಲ್ಲಿ ಒಂದೇ ಅಳತೆಯ ಡಿಸ್ಕು ಎರಡು, ಅವಳಿ ಜವಳಿ,
ಹಣೆಯ ಮೇಲೆ ಹೆಸರಿಲ್ಲ, ಬರೀ ನಂಬರು.
ಒಂದು ಸೋಮವಾರ ಬಂದದ್ದು, ಖಾಲಿ.
ಇನ್ನೊಂದು ಬೌದಿಲಿಯೋ ಬಾರಿಯಾ ಬಿಟ್ಟುಹೋದದ್ದು,
ಮೂವತ್ತೊಂದು ವರ್ಷದ ನೀರು.

ಜಲಸಂಧಿಯಾಚೆ, ಪೊರ್ವೆನೀರಿನಲ್ಲಿ,
ಮೊದಲ ರಿಂಗಿಗೇ ಎತ್ತಿಕೊಂಡ.
ಮಲಗಿರಲಿಲ್ಲವೇ?
ಎರಡೂ ಇಪ್ಪತ್ತಕ್ಕೆ ಇಳಿತ, ನೋಡಬೇಕಲ್ಲ, ಅಂದ.
ನಿವೃತ್ತಿಯಾಗಿ ಆರು ವರ್ಷ.
ನೀರಿಗೆ ಆ ಆದೇಶ ತಲುಪಿರಲಿಲ್ಲ.
ವಿಷಯ ಕೇಳಿ ಗಂಟಲು ಸರಿಮಾಡಿಕೊಂಡು,
ನನ್ನನ್ನೇನು ಕೇಳ್ತೀ ಹುಡುಗಿ, ಡಿಸ್ಕನ್ನೇ ಕೇಳು.
ಓದು. ಬರೆಯಬೇಡ.

ಓದಿದಳು.
ಕೊನೆಯದು. ಕೊನೆಯದು-೨. ನಿಜಕ್ಕೂ-ಕೊನೆಯದು.
ನಿಜಕ್ಕೂ-ಕೊನೆಯದು-ಸೋಮವಾರದ್ದು.
ಒಳಗೆ, ಲೆಕ್ಕದ ಸಾಲುಗಳ ನಡುವೆ,
ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಗಳು:
"ಪಡುವಣ ಗಾಳಿ. ಹನ್ನೊಂದು ಸೆಂಟಿಮೀಟರು ಜಾಸ್ತಿ ಏರಿತು.
ಯಾಕೋ ಗೊತ್ತಾಗಲಿಲ್ಲ."
"ಇವತ್ತೂ ಗೊತ್ತಾಗಲಿಲ್ಲ."

ಇಲ್ಲ, ಎಂದು ಒತ್ತಿದಳು.
ಅವನದನ್ನು ಬಿಚ್ಚಿ ಮೇಜಿನ ಮೇಲಿಟ್ಟು
ಸೋಮವಾರದ್ದನ್ನು ಸಿಕ್ಕಿಸಿ, ನಂಬರನ್ನು ಮೂರು ಸಲ ಓದಿ,
ಹೌದು.
ಆಮೇಲೆ ಪಾಸ್‌ವರ್ಡು, ಲೈಸೆನ್ಸು, ಗಡಿಯಾರ,
ಗಡಿಯಾರ ಮೂರು ಗಂಟೆ ಮುಂದೆ ಓಡುತ್ತಿತ್ತು, ಕಿವಿ ಹಿಂಡಿದಳು.
ಬೆಳಗಿನ ಐದಕ್ಕೆ ಖಾಲಿ ಪುಟವೊಂದು ತೆರೆದುಕೊಂಡಿತು,
ನೆಲ ಸಾರಿಸಿ, ರಂಗೋಲಿ ಇನ್ನೂ ಹಾಕದ ಅಂಗಳದ ಹಾಗೆ.

ಮೊದಲು ಏರಿಸಿದ್ದು ಅವನ ಕೊನೆಯವುಗಳನ್ನೇ,
ಹಳೆಯದರಿಂದ ಹೊಸದಕ್ಕೆ, ಒಂದೊಂದಾಗಿ,
ಅವನ ಹೆಸರಲ್ಲಿ, ಆಯಾ ತಾರೀಖಿನಲ್ಲಿ.
ಬಾಗಿಲು ತೆರೆಯಲು ಅವನಿಗೂ ಒಂದು ಖಾತೆ ಮಾಡಿ
ಕೋಟು ಹಾಕಿಕೊಂಡು ಹಗ್ಗ ಹಿಡಿದು ಮನೆಗೆ ಹೋದಳು.

ಮಧ್ಯಾಹ್ನ ಎದ್ದು ನೋಡಿದರೆ
ಮರೆಯಾದಲ್ಲಿ ಮೊದಲ ಮಾತು ಬಿದ್ದಿತ್ತು, ಆಚೆದಡದಿಂದ:
"ಸಾಲು ೨೧೨ ತಪ್ಪು. ಆಗಲೂ ತಪ್ಪೇ ಇತ್ತು.
ಹೇಳಲು ಜಾಗವಿರಲಿಲ್ಲ."